ಬೆಳಕು ಎಲೆಕ್ಟ್ರಾನಿಗೆ ಶಕ್ತಿ ಕೊಡುವುದು ಹೇಗೆ? ಮೂರನೆಯವರಿಲ್ಲದೆ ನಡೆಯದ ವ್ಯವಹಾರ

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಬೆಳಕು ಬಿದ್ದ ಲೋಹದಿಂದ ಎಲೆಕ್ಟ್ರಾನು ಹೊರಬೀಳುವ ದ್ಯುತಿವಿದ್ಯುತ್ ಪರಿಣಾಮದ ಪಾಠದಲ್ಲಿ ಎಲೆಕ್ಟ್ರಾನು ಬೆಳಕಿನ ಕಣವಾದ ಫೋಟಾನನ್ನು ಪೂರ್ತಿಯಾಗಿ ಹೀರಿಕೊಳ್ಳುತ್ತದೆ ಎಂದು ಹೇಳಿಕೊಡುತ್ತೇವೆ. ಆದರೆ ಮುಕ್ತ ಎಲೆಕ್ಟ್ರಾನು ಫೋಟಾನನ್ನು ಹೀರಿಕೊಳ್ಳಲಾರದು ಎಂದೂ ಓದಿದ್ದೇನೆ. ಹಾಗಿದ್ದರೆ ಕಣ ವೇಗವರ್ಧಕಗಳಲ್ಲಿ, ನಿರ್ವಾತದಲ್ಲಿ ಓಡುವ ಎಲೆಕ್ಟ್ರಾನ್ ಪುಂಜದ ಮೇಲೆ ಲೇಸರ್ ಬೆಳಕನ್ನು ಹಾಯಿಸಿ ಏನು ಸಾಧಿಸುತ್ತಾರೆ? ಲೇಸರಿನಿಂದ ಪುಂಜವನ್ನು ‘ಬಿಸಿ’ ಮಾಡುತ್ತಾರಂತೆ ಎಂದು ವಿದ್ಯಾರ್ಥಿಯೊಬ್ಬ ಕೇಳಿದ, ಅದು ನಿಜವೆ? ಕೋಣೆಯೊಳಗೆ ಹಿಡಿಸುವಂಥ ಲೇಸರ್ ವೇಗವರ್ಧಕ ಮುಂದೊಂದು ದಿನ ನಮ್ಮ ಕಡೆಯ ಆಸ್ಪತ್ರೆಗಳಿಗೂ ಬರಬಹುದೆ?

ಉತ್ತರ: ತಾವು ಹಿಡಿದಿರುವ ವಿರೋಧಾಭಾಸ ನಿಜವಾದದ್ದು, ಮತ್ತು ಈ ವಿಷಯದ ಬೇರು ಇರುವುದೇ ಅಲ್ಲಿ. ದಾವಣಗೆರೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾಠ ಮಾಡಿದ ಅಷ್ಟೂ ವರ್ಷಗಳಲ್ಲಿ ಈ ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳಿದವರನ್ನು ನಾನು ಬೆರಳಲ್ಲಿ ಎಣಿಸಬಹುದು. ಎರಡೂ ವಾಕ್ಯಗಳು ಸರಿ. ದ್ಯುತಿವಿದ್ಯುತ್ ಪರಿಣಾಮದಲ್ಲಿ ಎಲೆಕ್ಟ್ರಾನು ಒಂಟಿಯಾಗಿರುವುದಿಲ್ಲ. ಅದು ಲೋಹದೊಳಗಿರುತ್ತದೆ, ಸಂವೇಗದ ಲೆಕ್ಕ ಸರಿದೂಗಿಸಲು ಲೋಹದ ಇಡೀ ಹರಳು ಅದರ ಬೆನ್ನಿಗಿರುತ್ತದೆ. ನಿರ್ವಾತದಲ್ಲಿ ಹಾಗೆ ಬೆನ್ನಿಗೆ ನಿಲ್ಲುವವರು ಯಾರೂ ಇಲ್ಲ. ಆದ್ದರಿಂದ ವೇಗವರ್ಧಕದಲ್ಲಿ ಲೇಸರಿಗೂ ಎಲೆಕ್ಟ್ರಾನಿಗೂ ಕೊಡುಕೊಳ್ಳುವಿಕೆ ನಡೆಯುತ್ತಿದೆ ಎಂದು ಎಲ್ಲಿ ಓದಿದರೂ, ಅಲ್ಲಿ ಮೂರನೆಯ ಪಾಲುದಾರ ಯಾರು ಎಂದು ಮೊದಲು ಹುಡುಕಬೇಕು. ನಾನು ಮುಂದೆ ಹೇಳುವುದೆಲ್ಲ ಆ ಹುಡುಕಾಟವೇ.

ಒಂಟಿ ಎಲೆಕ್ಟ್ರಾನು ಫೋಟಾನನ್ನು ಏಕೆ ಹೀರಿಕೊಳ್ಳಲಾರದು ಎಂಬುದಕ್ಕೆ ತರಗತಿಯಲ್ಲಿ ಎರಡು ನಿಮಿಷದಲ್ಲಿ ತೋರಿಸಬಹುದಾದ ಸಾಧನೆಯಿದೆ. ಹೀರಿಕೊಂಡಿತು ಎಂದೇ ಊಹಿಸಿಕೊಂಡು, ಹೀರಿಕೊಂಡ ನಂತರದ ಎಲೆಕ್ಟ್ರಾನು ನಿಶ್ಚಲವಾಗಿ ಕಾಣುವ ನೋಟದ ಚೌಕಟ್ಟಿನಲ್ಲಿ ನಿಂತು ನೋಡಿ. ಆ ಚೌಕಟ್ಟಿನಲ್ಲಿ ಕೊನೆಯ ಶಕ್ತಿ ಎಂದರೆ ಎಲೆಕ್ಟ್ರಾನಿನ ನಿಶ್ಚಲ ಶಕ್ತಿ ಮಾತ್ರ, ಅಂದರೆ ಸುಮಾರು 5.11 ಲಕ್ಷ ಎಲೆಕ್ಟ್ರಾನ್‌ವೋಲ್ಟ್ (ಒಂದು ವೋಲ್ಟ್ ಅಂತರ ದಾಟುವಾಗ ಎಲೆಕ್ಟ್ರಾನು ಪಡೆಯುವಷ್ಟು ಶಕ್ತಿಯೇ ಒಂದು ಎಲೆಕ್ಟ್ರಾನ್‌ವೋಲ್ಟ್). ಆದರೆ ಮೊದಲು ಅಲ್ಲಿ ಇದ್ದದ್ದು ಚಲಿಸುತ್ತಿದ್ದ ಎಲೆಕ್ಟ್ರಾನು ಮತ್ತು ಅದರ ಜೊತೆಗೊಂದು ಫೋಟಾನು. ಅವೆರಡರ ಶಕ್ತಿ ಸೇರಿ ಇದಕ್ಕಿಂತ ಹೆಚ್ಚೇ ಇರಬೇಕು. ಪರಮಾಣುವಾಗಿದ್ದರೆ ಹೆಚ್ಚಿನ ಶಕ್ತಿಯನ್ನು ಒಳಗಿನ ಉದ್ರೇಕವಾಗಿ ಇಟ್ಟುಕೊಳ್ಳುತ್ತಿತ್ತು. ಎಲೆಕ್ಟ್ರಾನಿಗೆ ಹಾಗೆ ಬಚ್ಚಿಟ್ಟುಕೊಳ್ಳಲು ಒಳಮನೆಯೇ ಇಲ್ಲ. ಲೆಕ್ಕ ಹೊಂದುವುದಿಲ್ಲ, ಆದ್ದರಿಂದ ಘಟನೆಯೂ ನಡೆಯುವುದಿಲ್ಲ.

ಇದನ್ನೇ ಅಲೆಯ ಭಾಷೆಯಲ್ಲಿ ಹೇಳಿದರೆ ಇನ್ನೂ ಹೆಚ್ಚು ತಿಳಿಯುತ್ತದೆ. ಬೆಳಕಿನ ವಿದ್ಯುತ್ ಕ್ಷೇತ್ರ ಅದು ಸಾಗುವ ದಿಕ್ಕಿಗೆ ಅಡ್ಡಲಾಗಿರುತ್ತದೆ. ಎಲೆಕ್ಟ್ರಾನು ಬೆಳಕಿನ ಜೊತೆಗೇ ನೇರವಾಗಿ ಓಡುತ್ತಿದ್ದರೆ ಆ ಕ್ಷೇತ್ರ ಅದನ್ನು ಮುಂದಕ್ಕೆ ತಳ್ಳುವುದಿಲ್ಲ, ಪಕ್ಕಕ್ಕೆ ಅಲುಗಿಸುತ್ತದೆ ಅಷ್ಟೆ. ಓರೆಯಾಗಿ ಹಾಯಿಸಿದರೆ ಮುಂದಕ್ಕೆ ತಳ್ಳುವ ಅಂಶವೊಂದು ದೊರಕುತ್ತದೆ, ನಿಜ. ಆದರೆ ಬೆಳಕು ಎಲೆಕ್ಟ್ರಾನನ್ನು ದಾಟಿ ಹೋಗುತ್ತಲೇ ಇರುವುದರಿಂದ ಅರ್ಧ ಅಲೆ ತಳ್ಳಿದ್ದನ್ನು ಉಳಿದರ್ಧ ಅಲೆ ಹಿಂದಕ್ಕೆ ಎಳೆದುಬಿಡುತ್ತದೆ. ದಾಟುವ ವೇಗ ಎಷ್ಟು ಅಲ್ಪವೆಂದು ಗಮನಿಸಿ. 13.5 ಕೋಟಿ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಲೆಕ್ಟ್ರಾನು ಮತ್ತು ಬೆಳಕಿನ ಒಂದು ಕಿರಣ ಚಿತ್ರದುರ್ಗದಿಂದ ಒಟ್ಟಿಗೇ ಹೊರಟು, ಸುಮಾರು 60 ಕಿಲೋಮೀಟರ್ ದೂರದ ದಾವಣಗೆರೆಗೆ ನಿರ್ವಾತದಲ್ಲಿ ಓಡಿದವು ಎಂದುಕೊಳ್ಳಿ. ಬೆಳಕು ತಲುಪಿದಾಗ ಎಲೆಕ್ಟ್ರಾನು ಹಿಂದೆ ಬಿದ್ದಿರುವುದು ಸುಮಾರು 43 ಸೆಂಟಿಮೀಟರ್, ಅಂದರೆ ಒಂದು ಮೊಳಕ್ಕೂ ತುಸು ಕಡಿಮೆ! ಇಷ್ಟು ಹತ್ತಿರದ ಓಟಗಾರರಾದರೂ ಲೇಸರಿನ ತರಂಗದೂರ ಒಂದು ಮೈಕ್ರೊಮೀಟರಿನ ಆಸುಪಾಸಿನಲ್ಲಿರುವುದರಿಂದ, ಆ ಒಂದು ಮೊಳದೊಳಗೆ ಲಕ್ಷಾಂತರ ಅಲೆಗಳು ದಾಟಿ ಹೋಗಿರುತ್ತವೆ, ತಳ್ಳಿದ್ದು ಎಳೆದದ್ದು ಎರಡೂ ಸಮವಾಗಿರುತ್ತವೆ.

ಈ ಮಾತನ್ನು ಖಚಿತವಾಗಿ ಹೇಳುವ ಪ್ರಮೇಯಕ್ಕೆ ಲಾಸನ್-ವುಡ್‌ವರ್ಡ್ ಪ್ರಮೇಯ ಎಂದು ಹೆಸರು. ಸುತ್ತ ಗೋಡೆಗಳಿಲ್ಲದ ನಿರ್ವಾತದಲ್ಲಿ, ಬೇರೆ ಕಾಂತಕ್ಷೇತ್ರವಾಗಲಿ ವಿದ್ಯುತ್ ಕ್ಷೇತ್ರವಾಗಲಿ ಇಲ್ಲದಿರುವಾಗ, ಬೆಳಕಿನ ವೇಗದ ಸಮೀಪದಲ್ಲಿ ನೇರವಾಗಿ ಓಡುವ ಎಲೆಕ್ಟ್ರಾನು ಕೊನೆಯಿಲ್ಲದಷ್ಟು ದೂರ ಲೇಸರಿನ ಜೊತೆಗಿದ್ದರೂ ಅದರಿಂದ ನಿವ್ವಳವಾಗಿ ಏನನ್ನೂ ಪಡೆಯಲಾರದು ಎಂಬುದು ಅದರ ಸಾರ. ಪ್ರಮೇಯ ಬಲವಾದ ಕೋಟೆಯೇ ಸರಿ. ಆದರೆ ಅದರ ಒಂದೊಂದು ಷರತ್ತೂ ಒಂದೊಂದು ಕಿಂಡಿ, ಮತ್ತು ಕಿಂಡಿ ಎಂದರೇನೆಂದು ಚಿತ್ರದುರ್ಗದ ಕಡೆಯವರಿಗೆ ವಿವರಿಸಬೇಕಾಗಿಲ್ಲ.

ಲೇಸರು ಮತ್ತು ಪುಂಜದ ಮೊದಲ ಭೇಟಿ ಪುಂಜದ ಹುಟ್ಟಿನಲ್ಲೇ ಆಗುತ್ತದೆ, ಮತ್ತು ಅದು ತಮ್ಮ ದ್ವಿತೀಯ ಪಿಯುಸಿ ಪಾಠದ ದ್ಯುತಿವಿದ್ಯುತ್ ಪರಿಣಾಮವೇ ಆಗಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿರುವ ಎಲ್‌ಸಿಎಲ್‌ಎಸ್ ಎಂಬ ಎಕ್ಸ್-ರೇ ಲೇಸರ್ ಯಂತ್ರದಲ್ಲಿ ತಾಮ್ರದ ತಟ್ಟೆಯ ಮೇಲೆ 253 ನ್ಯಾನೊಮೀಟರಿನ ನೇರಳಾತೀತ ಮಿಡಿತ ಬೀಳುತ್ತದೆ. ಅದರ ಒಂದು ಫೋಟಾನಿನ ಶಕ್ತಿ 4.9 ಎಲೆಕ್ಟ್ರಾನ್‌ವೋಲ್ಟ್, ತಾಮ್ರದಿಂದ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದುದಕ್ಕಿಂತ ಅದು ತುಸುವೇ ಹೆಚ್ಚು. ಬಿಸಿ ತಂತಿಯಿಂದ ಹೊರಡುವ ಎಲೆಕ್ಟ್ರಾನುಗಳು ಎಡೆಬಿಡದೆ ಸುರಿಯುತ್ತವೆ. ಲೇಸರ್ ಮಿಡಿತದಿಂದ ಹೊರಡುವವು ಆ ಮಿಡಿತ ಇದ್ದಷ್ಟು ಹೊತ್ತು, ಕೆಲವೇ ಪಿಕೊಸೆಕೆಂಡುಗಳ ಕಾಲ ಮಾತ್ರ ಬರುತ್ತವೆ. ಹೀಗೆ ಹುಟ್ಟಿನಿಂದಲೇ ಚಿಕ್ಕದಾದ, ಒತ್ತಾದ, ಒಂದೇ ವೇಗದ ಗುಂಪು ಸಿಗುತ್ತದೆ.

ಆ ಗುಂಪು ಎಷ್ಟು ಚೆನ್ನಾಗಿರುತ್ತದೆಯೋ ಅದೇ ಮುಂದೆ ತೊಂದರೆಯೂ ಆಗುತ್ತದೆ. ಇಲ್ಲಿ ತಮ್ಮ ವಿದ್ಯಾರ್ಥಿಯ ಪ್ರಶ್ನೆ ಬರುತ್ತದೆ. ಅವನು ಓದಿದ್ದು ಸತ್ಯ. ಹೀಗೆ ಪುಂಜ ಹುಟ್ಟಿಸುವ ‘ಗನ್’ ಎಂಬ ಭಾಗದಿಂದ ಬಂದ ಎಲೆಕ್ಟ್ರಾನುಗಳ ಶಕ್ತಿಯಲ್ಲಿ ಪರಸ್ಪರ ವ್ಯತ್ಯಾಸ ಅತಿ ಕಡಿಮೆ, ಆ ಅರ್ಥದಲ್ಲಿ ಪುಂಜ ತೀರ ‘ತಣ್ಣಗೆ’ ಇರುತ್ತದೆ. ಪುಂಜದಲ್ಲಿ ಎಲ್ಲೋ ಒಂದು ಕಡೆ ಎಲೆಕ್ಟ್ರಾನುಗಳು ತುಸು ಒತ್ತಾಗಿದ್ದರೆ ಅವುಗಳ ಪರಸ್ಪರ ವಿಕರ್ಷಣೆಯಿಂದ ಮುಂದಿನವುಗಳಿಗೆ ಸ್ವಲ್ಪ ಹೆಚ್ಚು, ಹಿಂದಿನವುಗಳಿಗೆ ಸ್ವಲ್ಪ ಕಡಿಮೆ ಶಕ್ತಿ ಸಿಗುತ್ತದೆ. ಮುಂದೆ ಪುಂಜವನ್ನು ಒತ್ತಿ ಚಿಕ್ಕದು ಮಾಡಲು ಅದನ್ನು ಕಾಂತಗಳ ತಿರುವಿನಲ್ಲಿ ಹಾಯಿಸಿದಾಗ ಈ ಶಕ್ತಿಯ ಏರುಪೇರು ಸ್ಥಾನದ ಏರುಪೇರಾಗಿ ಬದಲಾಗಿ, ಸಣ್ಣ ಗಂಟು ದೊಡ್ಡ ಗಂಟಾಗುತ್ತದೆ. ಪುಂಜ ತಣ್ಣಗಿದ್ದಷ್ಟೂ ಈ ಗಂಟುಗಳು ಗಟ್ಟಿಯಾಗುತ್ತವೆ. ತುಸು ಬಿಸಿಯಿದ್ದರೆ, ಅಂದರೆ ಎಲೆಕ್ಟ್ರಾನುಗಳ ಶಕ್ತಿ ಚೂರು ಹೆಚ್ಚುಕಡಿಮೆ ಇದ್ದರೆ, ತಿರುವಿನಲ್ಲಿ ಅವು ಬೆರೆತು ಗಂಟು ತಾನಾಗಿ ಕರಗುತ್ತದೆ.

ಆದ್ದರಿಂದ ಎಲ್‌ಸಿಎಲ್‌ಎಸ್‌ನಲ್ಲಿ ಪುಂಜದ ಶಕ್ತಿ 13.5 ಕೋಟಿ ಎಲೆಕ್ಟ್ರಾನ್‌ವೋಲ್ಟ್ ಆಗಿರುವ ಜಾಗದಲ್ಲಿ ಲೇಸರ್ ಹೀಟರನ್ನು ಇಟ್ಟಿದ್ದಾರೆ. ಮೇಲಿನ ಮೊಳದ ಲೆಕ್ಕಕ್ಕೆ ನಾನು ಆ ಶಕ್ತಿಯನ್ನೇ ಆರಿಸಿಕೊಂಡದ್ದು ಈ ಕಾರಣಕ್ಕೆ. ಹೆದ್ದಾರಿ ಕೆಲಸ ನಡೆಯುವಲ್ಲಿ ವಾಹನಗಳನ್ನು ಪಕ್ಕಕ್ಕೆ ತಿರುಗಿಸಿ ಮತ್ತೆ ಮುಖ್ಯ ರಸ್ತೆಗೆ ತರುವ ಡೈವರ್ಷನ್ ಇರುತ್ತದಲ್ಲ, ಹಾಗೆ ನಾಲ್ಕು ಕಾಂತಗಳು ಪುಂಜವನ್ನು ಪಕ್ಕಕ್ಕೆ ಸರಿಸಿ ಮತ್ತೆ ಹಳೆಯ ದಾರಿಗೆ ತರುತ್ತವೆ. ಆ ಡೈವರ್ಷನ್ನಿನ ನಡುವೆ ಅಂಡ್ಯುಲೇಟರ್ ಎಂಬ ಸಾಧನವಿದೆ: ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂದು ಧ್ರುವಗಳನ್ನು ಅದಲುಬದಲಾಗಿ ಜೋಡಿಸಿದ ಕಾಂತಗಳ ಸಾಲು, ಒಂದು ಆವರ್ತದ ಉದ್ದ 5.4 ಸೆಂಟಿಮೀಟರ್. ಅದರೊಳಗೆ ಎಲೆಕ್ಟ್ರಾನು ಹಾವಿನ ಹಾಗೆ ಎಡಬಲಕ್ಕೆ ಹರಿದು ಹೋಗುತ್ತದೆ. ಅದೇ ದಾರಿಯಲ್ಲಿ 758 ನ್ಯಾನೊಮೀಟರಿನ ಅವಕೆಂಪು ಲೇಸರನ್ನು ಹಾಯಿಸುತ್ತಾರೆ.

ಈಗ ಮೂರನೆಯ ಪಾಲುದಾರ ಬಂದಾಯಿತು: ಕಾಂತ. ಎಲೆಕ್ಟ್ರಾನು ಪಕ್ಕಕ್ಕೆ ಚಲಿಸುತ್ತಿರುವುದರಿಂದ ಬೆಳಕಿನ ಅಡ್ಡ ಕ್ಷೇತ್ರ ಅದರ ಮೇಲೆ ಕೆಲಸ ಮಾಡಬಲ್ಲದು. ಆದರೆ ಎಲೆಕ್ಟ್ರಾನು ಎಡಕ್ಕೆ ತಿರುಗಿದಾಗ ಕ್ಷೇತ್ರವೂ ತಿರುಗಿರಬೇಕು, ಇಲ್ಲವಾದರೆ ಗಳಿಸಿದ್ದು ಮರುಗಳಿಗೆಯಲ್ಲೇ ಹೋಗುತ್ತದೆ. ಅದಕ್ಕೆ ಬೇಕಾದ ಹೊಂದಿಕೆ ಇದು: ಎಲೆಕ್ಟ್ರಾನು ಕಾಂತದ ಒಂದು ಆವರ್ತವನ್ನು ದಾಟುವಷ್ಟರಲ್ಲಿ ಬೆಳಕು ಅದಕ್ಕಿಂತ ಸರಿಯಾಗಿ ಒಂದು ತರಂಗದೂರದಷ್ಟು ಮುಂದೆ ಹೋಗಿರಬೇಕು. ಕೋಲಾಟದಲ್ಲಿ ಒಂದೊಂದು ಸುತ್ತಿಗೆ ಎದುರಿನ ಜೊತೆಗಾರ ಸರಿದು ಮತ್ತೊಬ್ಬ ಬಂದರೂ ಕೋಲಿಗೆ ಕೋಲು ತಾಳ ತಪ್ಪದೆ ತಾಗುತ್ತದೆ. ಇಲ್ಲಿಯೂ ಎಲೆಕ್ಟ್ರಾನಿನ ಎದುರಿಗೆ ಒಂದೊಂದು ಆವರ್ತಕ್ಕೆ ಒಂದೊಂದು ಹೊಸ ಅಲೆ ಬರುತ್ತದೆ, ಆದರೆ ಪೆಟ್ಟು ಅದೇ ತಾಳದಲ್ಲಿ ಬೀಳುತ್ತದೆ. 5.4 ಸೆಂಟಿಮೀಟರ್ ದೂರದಲ್ಲಿ 758 ನ್ಯಾನೊಮೀಟರ್ ಹಿಂದೆ ಬೀಳಬೇಕು. ನೇರ ಓಟದಲ್ಲಿ ಅದರ ಅರ್ಧದಷ್ಟು ಹಿಂದೆ ಬೀಳುತ್ತದೆ. ಉಳಿದರ್ಧವನ್ನು ಹಾವಿನ ನಡೆಯ ಸುತ್ತುದಾರಿ ಒದಗಿಸುತ್ತದೆ. ಕಾಂತದ ಬಲವನ್ನು ಹೊಂದಿಸುವುದೆಂದರೆ ಈ ಸುತ್ತುದಾರಿಯನ್ನು ಹೊಂದಿಸುವುದೇ.

ತಾಳ ಹೊಂದಿದಾಗ ಅಲೆಯ ಒಂದು ಮಗ್ಗುಲಲ್ಲಿರುವ ಎಲೆಕ್ಟ್ರಾನುಗಳು ಶಕ್ತಿ ಪಡೆಯುತ್ತವೆ, ಇನ್ನೊಂದು ಮಗ್ಗುಲಿನವು ಕಳೆದುಕೊಳ್ಳುತ್ತವೆ. ಇಷ್ಟೇ ಆದರೆ ಅದು ಬಿಸಿಯಲ್ಲ, ಕ್ರಮಬದ್ಧವಾದ ಏರಿಳಿತ. ಡೈವರ್ಷನ್ನಿನ ಕೊನೆಯರ್ಧದಲ್ಲಿ ಬೇರೆ ಬೇರೆ ಕೋನಗಳ ಎಲೆಕ್ಟ್ರಾನುಗಳ ದಾರಿಯ ಉದ್ದ ಬೇರೆ ಬೇರೆಯಾಗಿ, ಒಂದು ಮೈಕ್ರೊಮೀಟರಿಗಿಂತ ಸಣ್ಣದಾದ ಆ ಏರಿಳಿತ ಕಲಸಿ ಹೋಗುತ್ತದೆ; ಉಳಿಯುವುದು ಕ್ರಮವಿಲ್ಲದ ಶಕ್ತಿಯ ಹರವು. ಹೀಗೆ ಕೊಡುವ ‘ಬಿಸಿ’ ಸುಮಾರು 20 ಸಾವಿರ ಎಲೆಕ್ಟ್ರಾನ್‌ವೋಲ್ಟ್. 13.5 ಕೋಟಿಯ ಮುಂದೆ ಇದು ಏನೂ ಅಲ್ಲ ಎನ್ನಿಸಬಹುದು, ಆದರೆ ಗಂಟು ಕರಗಲು ಅಷ್ಟು ಸಾಕು, ಮತ್ತು ಎಕ್ಸ್-ರೇ ಹೊಳಪು ಅದರಿಂದ ಹೆಚ್ಚುತ್ತದೆ. ಕೆಡಿಸಿದಂತೆ ತೋರುವ ಕ್ರಿಯೆಯಿಂದ ಪುಂಜ ಸುಧಾರಿಸುವ ಈ ಉಪಾಯವನ್ನು ನಾನು ಈ ಕ್ಷೇತ್ರದ ಅತ್ಯಂತ ಸೊಗಸಾದ ಕೆಲಸಗಳಲ್ಲಿ ಒಂದೆಂದು ಎಣಿಸುತ್ತೇನೆ.

ಕಾಗದದ ಮೇಲೆ ಇದೆಲ್ಲ ಸರಾಗ. ಕೆಲಸದಲ್ಲಿ ಮಾತ್ರ, ಕೂದಲೆಳೆಯಷ್ಟು ದಪ್ಪದ ಬೆಳಕು ಮತ್ತು ಅಷ್ಟೇ ದಪ್ಪದ ಪುಂಜ ಒಂದೇ ಗೆರೆಯಲ್ಲಿ, ಒಂದೇ ಕ್ಷಣದಲ್ಲಿ ಕೂಡಬೇಕು. ಗೆರೆ ಹೊಂದಿಸುವುದು ಅಷ್ಟು ಕಷ್ಟವಲ್ಲ. ಎರಡು ಕಡೆ ಪರದೆ ಇಳಿಸಿ, ಕ್ಯಾಮೆರಾದಲ್ಲಿ ಎರಡರ ಚುಕ್ಕೆಯನ್ನೂ ಒಂದರ ಮೇಲೊಂದು ತರುತ್ತೇವೆ. ಕ್ಷಣ ಹೊಂದಿಸುವುದೇ ಕಷ್ಟ. ಹಿಂದೆ ನಾನು ಪ್ರಯೋಗಾಲಯವೊಂದರಲ್ಲಿದ್ದಾಗ ಒಂದು ರಾತ್ರಿಯಿಡೀ ಹುಡುಕಿದರೂ ಎರಡೂ ಕೂಡಲಿಲ್ಲ. ಬೆಳಗಿನ ಜಾವ ಕೇಬಲ್ಲುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡುತ್ತಾ ಹೋದಾಗ, ಪುಂಜದ ಸಂಕೇತವನ್ನು ಆಸಿಲೋಸ್ಕೋಪಿಗೆ ತರುವ ಕೇಬಲನ್ನು ಯಾರೋ ಬದಲಾಯಿಸಿದ್ದು ಕಂಡಿತು. ಹೊಸದು ಸುಮಾರು 40 ಸೆಂಟಿಮೀಟರ್ ಉದ್ದವಾಗಿತ್ತು. ಕೇಬಲ್ಲಿನಲ್ಲಿ ಸಂಕೇತ ಒಂದು ನ್ಯಾನೊಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಸಾಗುತ್ತದೆ. ಆದ್ದರಿಂದ ಪುಂಜ ಎರಡು ನ್ಯಾನೊಸೆಕೆಂಡ್ ತಡವಾಗಿ ಬಂದಂತೆ ಕಾಣುತ್ತಿತ್ತು. ನಾವು ಲೇಸರನ್ನು ಆ ಸುಳ್ಳು ಹೊತ್ತಿಗೆ ಹೊಂದಿಸಿದ್ದೆವು, ಹಾಗಾಗಿ ಒಂದು ಮಿಲಿಮೀಟರ್ ಉದ್ದದ ಪುಂಜದ ಹಿಂದೆ ಲೇಸರು ಎರಡು ಅಡಿ ಅಂತರದಲ್ಲಿ ಬರುತ್ತಿತ್ತು. ಅಂದಿನಿಂದ ಕೇಬಲ್ಲುಗಳ ಉದ್ದವನ್ನು ಚೀಟಿ ಬರೆದು ಅಂಟಿಸುವುದು ನನಗೆ ಅಭ್ಯಾಸವಾಯಿತು.

ಇದೇ ಅಂಡ್ಯುಲೇಟರ್ ಉದ್ದವಾಗಿದ್ದರೆ ವ್ಯವಹಾರ ತಿರುವುಮುರುವಾಗಿ, ಎಲೆಕ್ಟ್ರಾನುಗಳು ಬೆಳಕಿನ ತರಂಗದೂರದ ಅಂತರದಲ್ಲಿ ಸಾಲುಗಟ್ಟಿ ತಮ್ಮ ಶಕ್ತಿಯನ್ನು ಬೆಳಕಿಗೆ ಕೊಡುತ್ತವೆ. ಜಾನ್ ಮೇಡಿ 1971ರಲ್ಲಿ ಸೂಚಿಸಿದ ಮುಕ್ತ ಎಲೆಕ್ಟ್ರಾನ್ ಲೇಸರ್ ಇದೇ. ಎಲ್‌ಸಿಎಲ್‌ಎಸ್ 2009ರ ಏಪ್ರಿಲ್‌ನಲ್ಲಿ 1.5 ಆಂಗ್‌ಸ್ಟ್ರಾಮ್ ತರಂಗದೂರದಲ್ಲಿ ಮೊದಲ ಬಾರಿಗೆ ಬೆಳಗಿತು. ಅದರ ಕತೆ ಪ್ರತ್ಯೇಕ ಉತ್ತರಕ್ಕೆ ತಕ್ಕದ್ದು.

ಕಾಂತವೇ ಇಲ್ಲದೆ, ಲೇಸರನ್ನು ಪುಂಜದ ಎದುರಿನಿಂದ ಹಾಯಿಸಿದರೆ ಏನಾಗುತ್ತದೆ? ಆಗ ಮೂರನೆಯವನು ಹೊರಗೆ ಹೋಗುವ ಹೊಸ ಫೋಟಾನು. ಕಾಂಪ್ಟನ್ ಚದುರಿಕೆಯನ್ನು ತಾವು ಪಾಠ ಮಾಡಿರುತ್ತೀರಿ: ನಿಂತ ಎಲೆಕ್ಟ್ರಾನಿಗೆ ಎಕ್ಸ್-ರೇ ಬಡಿದು ಶಕ್ತಿ ಕಳೆದುಕೊಳ್ಳುತ್ತದೆ. ಇಲ್ಲಿ ಎಲೆಕ್ಟ್ರಾನೇ ಓಡಿ ಬಂದು ಬೆಳಕಿಗೆ ಬಡಿಯುವುದರಿಂದ ಫೋಟಾನಿನ ಶಕ್ತಿ ಏರುತ್ತದೆ. ಎದುರುಬದುರಾಗಿ ಬಡಿದು ನೇರ ಹಿಂದಿರುಗಿದ ಫೋಟಾನಿನ ಶಕ್ತಿ 4γ² ಪಟ್ಟು ಹೆಚ್ಚುತ್ತದೆ; γ ಎಂದರೆ ಎಲೆಕ್ಟ್ರಾನಿನ ಒಟ್ಟು ಶಕ್ತಿ ಅದರ ನಿಶ್ಚಲ ಶಕ್ತಿಯ ಎಷ್ಟು ಪಟ್ಟು ಎಂಬ ಸಂಖ್ಯೆ. 5 ಕೋಟಿ ಎಲೆಕ್ಟ್ರಾನ್‌ವೋಲ್ಟ್ ಎಲೆಕ್ಟ್ರಾನಿಗೆ γ ಸುಮಾರು 98, ಆದ್ದರಿಂದ ಹೆಚ್ಚಳ ಸುಮಾರು 38 ಸಾವಿರ ಪಟ್ಟು. 1064 ನ್ಯಾನೊಮೀಟರಿನ ಸಾಮಾನ್ಯ ಲೇಸರಿನ 1.17 ಎಲೆಕ್ಟ್ರಾನ್‌ವೋಲ್ಟಿನ ಫೋಟಾನು ಸುಮಾರು 45 ಸಾವಿರ ಎಲೆಕ್ಟ್ರಾನ್‌ವೋಲ್ಟಿನ ಎಕ್ಸ್-ರೇ ಆಗಿ ಹೊರಬರುತ್ತದೆ, ಅಂದರೆ ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಶಕ್ತಿಯ ಮಟ್ಟ. ಎದುರಿನಿಂದ ಬರುವ ಲೇಸರನ್ನು ಅರ್ಧ ಮೈಕ್ರೊಮೀಟರ್ ಆವರ್ತದ ಅಂಡ್ಯುಲೇಟರ್ ಎಂದೂ ನೋಡಬಹುದು. ಕಾಂತಗಳನ್ನು ಅಷ್ಟು ಚಿಕ್ಕದಾಗಿ ಯಾರೂ ಕೆತ್ತಲಾರರು.

ತೊಡಕಿರುವುದು ಡಿಕ್ಕಿಗಳ ವಿರಳತೆಯಲ್ಲಿ. ಎಲೆಕ್ಟ್ರಾನು ಬೆಳಕಿಗೆ ಒಡ್ಡುವ ಗುರಿಯ ವಿಸ್ತೀರ್ಣ 6.65 × 10⁻²⁹ ಚದರ ಮೀಟರ್ ಮಾತ್ರ. ಒಂದು ಜೂಲ್ ಶಕ್ತಿಯ ಲೇಸರ್ ಮಿಡಿತದಲ್ಲಿ ಸುಮಾರು 5 × 10¹⁸ ಫೋಟಾನುಗಳಿರುತ್ತವೆ. ಅದನ್ನೂ ಪುಂಜವನ್ನೂ 20 ಮೈಕ್ರೊಮೀಟರ್ ಹರವಿಗೆ ಹಿಂಡಿ ಪೂರ್ತಿಯಾಗಿ ಎದುರುಬದುರು ಮಾಡಿದರೂ, ನೂರು ಎಲೆಕ್ಟ್ರಾನುಗಳಲ್ಲಿ ಸುಮಾರು ಏಳಕ್ಕೆ ಮಾತ್ರ ಫೋಟಾನು ತಾಗುತ್ತದೆ. ಫೋಟಾನುಗಳ ಕಡೆಯಿಂದ ನೋಡಿದರೆ ಬಹುತೇಕ ಎಲ್ಲವೂ ಯಾರನ್ನೂ ಮುಟ್ಟದೆ ಹಾದು ಹೋಗುತ್ತವೆ. ಈ ವಿರಳತೆಯೇ ಇನ್ನೊಂದು ಕಡೆ ಉಪಕಾರಕ್ಕೆ ಬರುತ್ತದೆ. ಪುಂಜದ ದಪ್ಪ ಅಳೆಯಲು ಲೋಹದ ತಂತಿಯನ್ನು ಅಡ್ಡ ಹಿಡಿದರೆ ಬಲವಾದ ಪುಂಜದಲ್ಲಿ ತಂತಿ ಸುಟ್ಟುಹೋಗುತ್ತದೆ. ಅದರ ಬದಲು ತೆಳುವಾದ ಲೇಸರ್ ಕಿರಣವನ್ನೇ ತಂತಿಯಂತೆ ಅಡ್ಡ ಹಾಯಿಸಿ, ಹುಟ್ಟುವ ಫೋಟಾನುಗಳನ್ನು ಎಣಿಸಿದರೆ ಪುಂಜಕ್ಕೆ ಏನೂ ಆಗದೆ ಅಳತೆ ಸಿಗುತ್ತದೆ.

ಇನ್ನು ಕೋಣೆಯೊಳಗಿನ ವೇಗವರ್ಧಕ. ಟೊಶಿಕಿ ತಾಜಿಮಾ ಮತ್ತು ಜಾನ್ ಡಾಸನ್ 1979ರಲ್ಲಿ ಪ್ಲಾಸ್ಮಾವನ್ನು (ಪರಮಾಣುಗಳು ಎಲೆಕ್ಟ್ರಾನು ಮತ್ತು ಅಯಾನುಗಳಾಗಿ ಒಡೆದ ಅನಿಲ) ಮೂರನೆಯ ಪಾಲುದಾರನನ್ನಾಗಿ ಮಾಡುವ ಮಾರ್ಗವನ್ನು ಮುಂದಿಟ್ಟರು. ವಾಣಿವಿಲಾಸ ಸಾಗರದಲ್ಲಿ ದೋಣಿ ಹೋದಾಗ ಅದರ ಹಿಂದೆ ಅಲೆ ಏಳುತ್ತದೆ. ಹಾಗೆಯೇ ಪ್ಲಾಸ್ಮಾದಲ್ಲಿ ಬಲವಾದ ಲೇಸರ್ ಮಿಡಿತ ಹಾದಾಗ ಹಗುರವಾದ ಎಲೆಕ್ಟ್ರಾನುಗಳು ಪಕ್ಕಕ್ಕೆ ಸರಿದು, ಭಾರವಾದ ಅಯಾನುಗಳು ಅಲ್ಲೇ ಉಳಿದು, ಹಿಂದೆ ವಿದ್ಯುತ್ ಅಲೆಯೊಂದು ಏಳುತ್ತದೆ. ಆ ಅಲೆಯ ಕ್ಷೇತ್ರ ಸಾಗುವ ದಿಕ್ಕಿನಲ್ಲೇ ಇರುವುದರಿಂದ ಅದನ್ನೇರಿದ ಎಲೆಕ್ಟ್ರಾನು ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಸಾಮಾನ್ಯ ವೇಗವರ್ಧಕಗಳ ಲೋಹದ ಕುಹರಗಳಲ್ಲಿ ಮೀಟರಿಗೆ ಕೆಲವು ಕೋಟಿ ವೋಲ್ಟ್ ದಾಟಿದರೆ ಕಿಡಿ ಹಾರುವ ಭಯ. ಪ್ಲಾಸ್ಮಾ ಮೊದಲೇ ಒಡೆದ ವಸ್ತು, ಅಲ್ಲಿ ಮೀಟರಿಗೆ ಹತ್ತು ಸಾವಿರ ಕೋಟಿ ವೋಲ್ಟ್ ಮಟ್ಟದ ಕ್ಷೇತ್ರ ಸಾಧ್ಯ. 1985ರಲ್ಲಿ ಡೊನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರು ಅತಿ ಬಲದ ಲೇಸರ್ ಮಿಡಿತಗಳನ್ನು ಪಡೆಯುವ ವಿಧಾನ ಕಂಡುಹಿಡಿದ ನಂತರ ಈ ದಾರಿ ತೆರೆಯಿತು. ಅಮೆರಿಕದ ಬರ್ಕ್ಲಿ ಪ್ರಯೋಗಾಲಯದಲ್ಲಿ 2006ರಲ್ಲಿ 3.3 ಸೆಂಟಿಮೀಟರಿನಲ್ಲಿ 100 ಕೋಟಿ, 2019ರಲ್ಲಿ 20 ಸೆಂಟಿಮೀಟರಿನಲ್ಲಿ 780 ಕೋಟಿ ಎಲೆಕ್ಟ್ರಾನ್‌ವೋಲ್ಟ್ ಮುಟ್ಟಿದರು. 2021ರಲ್ಲಿ ಶಾಂಘೈನ ಸಂಶೋಧಕರು ಇಂಥ ಪುಂಜದಿಂದಲೇ 27 ನ್ಯಾನೊಮೀಟರಿನ ಮುಕ್ತ ಎಲೆಕ್ಟ್ರಾನ್ ಲೇಸರನ್ನು ಬೆಳಗಿಸಿದರು. ಪುಂಜದ ಗುಣಮಟ್ಟದ ಬಗೆಗಿದ್ದ ಸಂಶಯಕ್ಕೆ ನನ್ನ ಮಟ್ಟಿಗೆ ಉತ್ತರ ಸಿಕ್ಕಿದ್ದು ಆಗ.

ಆಸ್ಪತ್ರೆಯ ವಿಷಯದಲ್ಲಿ ಮಾತ್ರ ನಾನು ತಮಗೆ ಆಸೆ ಹುಟ್ಟಿಸಲಾರೆ. ಕ್ಯಾನ್ಸರ್ ಚಿಕಿತ್ಸೆಗೆ ಈಗಿರುವ ಲಿನ್ಯಾಕ್ ಎಂಬ ನೇರ ವೇಗವರ್ಧಕದಲ್ಲಿ ಎಲೆಕ್ಟ್ರಾನನ್ನು ತಳ್ಳುವ ಭಾಗ ಸುಮಾರು ಒಂದು ಮೀಟರ್ ಉದ್ದವಷ್ಟೆ. ಹತ್ತು ಸೆಂಟಿಮೀಟರ್ ತರಂಗದೂರದ ಮೈಕ್ರೊವೇವ್ ಅಲೆಯಿಂದ ಅದು ದಿನವಿಡೀ, ಏರುಪೇರಿಲ್ಲದೆ ಕೆಲಸ ಮಾಡುತ್ತದೆ. ಅದರ ಕೋಣೆ ದೊಡ್ಡದಾಗಿರುವುದು ವಿಕಿರಣ ತಡೆಯುವ ಕಾಂಕ್ರೀಟ್ ಗೋಡೆಗಳಿಂದ, ಮತ್ತು ಎಲೆಕ್ಟ್ರಾನನ್ನು ಯಾರು ತಳ್ಳಿದರೂ ಆ ಗೋಡೆ ಬೇಕೇ ಬೇಕು. ಪ್ಲಾಸ್ಮಾ ವೇಗವರ್ಧಕಕ್ಕಾದರೋ ಕೋಣೆ ತುಂಬುವ ಲೇಸರ್ ಬೇರೆ ಬೇಕು. ಅದರ ಲಾಭ ಇರುವುದು ನೂರಾರು ಮೀಟರ್ ಉದ್ದದ ಯಂತ್ರಗಳನ್ನು ಕುಗ್ಗಿಸುವುದರಲ್ಲಿ. ಜರ್ಮನಿಯ ಎರ್ಲಾಂಗೆನ್‌ನಲ್ಲಿ 2023ರಲ್ಲಿ ಅರ್ಧ ಮಿಲಿಮೀಟರ್ ಉದ್ದದ ಸಿಲಿಕಾನ್ ಕಂಬಗಳ ಸಾಲಿನ ನಡುವೆ ಲೇಸರಿನಿಂದ ಎಲೆಕ್ಟ್ರಾನುಗಳನ್ನು 28.4 ಸಾವಿರದಿಂದ 40.7 ಸಾವಿರ ಎಲೆಕ್ಟ್ರಾನ್‌ವೋಲ್ಟಿಗೆ ಏರಿಸಿದರು. ಅಲ್ಲಿ ಮೂರನೆಯವನು ಸಿಲಿಕಾನ್. ಚಿಕಿತ್ಸೆಗೆ ಬೇಕಾದ ಶಕ್ತಿಗೆ ಅದಿನ್ನೂ ಬಹಳ ದೂರ.

ತಮ್ಮ ವಿದ್ಯಾರ್ಥಿಗಳಿಗೆ ನಮ್ಮ ದೇಶದ ಉದಾಹರಣೆ ಕೊಡಬೇಕೆಂದರೆ, ಇಂದೋರ್‌ನ ರಾಜಾ ರಾಮಣ್ಣ ಪ್ರಗತ ತಂತ್ರಜ್ಞಾನ ಕೇಂದ್ರದಲ್ಲಿ ಅವಕೆಂಪು ಮುಕ್ತ ಎಲೆಕ್ಟ್ರಾನ್ ಲೇಸರೂ, 250 ಕೋಟಿ ಎಲೆಕ್ಟ್ರಾನ್‌ವೋಲ್ಟಿನ ಇಂಡಸ್-2 ಎಂಬ ಉಂಗುರವೂ ಇವೆ. ಮೊಳದ ಲೆಕ್ಕವನ್ನು ಇಂಡಸ್-2ರ ಎಲೆಕ್ಟ್ರಾನಿಗೆ ಅವರಿಂದಲೇ ಮಾಡಿಸಿ: γ ಸುಮಾರು 4,890; ಬೆಳಕಿಗಿಂತ ಹಿಂದೆ ಬೀಳುವ ಪ್ರಮಾಣ ದಾರಿಯ 2γ²ರಲ್ಲಿ ಒಂದು ಪಾಲು. ಉತ್ತರ ಸರಿಯಾಗಿ ಬಂದರೆ, ಚಿತ್ರದುರ್ಗದಿಂದ ಹೊರಟ ಆ ಎಲೆಕ್ಟ್ರಾನು ದಾವಣಗೆರೆಗೆ ಬರುವಾಗ ಬೆಳಕಿಗಿಂತ ಒಂದು ರಾಗಿ ಕಾಳಿನಷ್ಟು ಹಿಂದಿರುತ್ತದೆ.